ತಡೆಯುವ ನಿಯಮವೇ ಇಲ್ಲದ ಊರು

1865ರಲ್ಲಿ ನದೇಜ್ದಾ ಸುಸ್ಲೋವಾ ಎಂಬ ರಷ್ಯನ್ ಯುವತಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಬಂದಳು. ಅಪ್ಪ ಒಬ್ಬ ಕೌಂಟ್‌ನ ಜೀತದಿಂದ ಬಿಡುಗಡೆಯಾಗಿ ಮೇಲೆ ಬಂದ ಮನುಷ್ಯ. ಮಗಳಿಗೆ ಡಾಕ್ಟರಾಗುವ ಹಟ. ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯಕೀಯ ಅಕಾಡೆಮಿ ಹಿಂದಿನ ವರ್ಷವಷ್ಟೇ ಹೆಣ್ಣುಮಕ್ಕಳನ್ನು ಹೊರಗೆ ಹಾಕಿತ್ತು. ರಷ್ಯಾದ ವಿಶ್ವವಿದ್ಯಾಲಯಗಳ ಬಾಗಿಲು ಅದಕ್ಕೂ ಒಂದು ವರ್ಷ ಮೊದಲೇ ಮುಚ್ಚಿತ್ತು.

ಹಾಗಾದರೆ ಜ್ಯೂರಿಕ್ಕೇ ಏಕೆ? ಅದೇನೂ ಹೆಂಗಸರ ಪರ ಡಂಗುರ ಸಾರಿದ ಊರಲ್ಲ. ವಿಶ್ವವಿದ್ಯಾಲಯ ಹುಟ್ಟಿದ್ದು 1833ರಲ್ಲಿ; ಜರ್ಮನ್ ರಾಜ್ಯಗಳಿಂದ ರಾಜಕೀಯ ಕಾರಣಕ್ಕೆ ಓಡಿಬಂದ ಮೇಷ್ಟರು ಅಲ್ಲಿ ಬಹಳ ಮಂದಿ. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಬೇಕು ಎಂದು ನಿಯಮಾವಳಿಯಲ್ಲಿ ಬರೆದಿರಲಿಲ್ಲ. ಸೇರಿಸಿಕೊಳ್ಳಬಾರದು ಎಂದೂ ಬರೆದಿರಲಿಲ್ಲ. ಅಂಥ ಪ್ರಶ್ನೆ ಏಳಬಹುದೆಂದು ಪ್ರಾಯಶಃ ಯಾರಿಗೂ ಹೊಳೆದಿರಲಿಲ್ಲ! ಮಂಗಳೂರಿನ ಮಿಷನ್ನು, ಹಂಚುಗಳಿಂದ ನಮಗೆ ಪರಿಚಿತವಾದ ಬಾಸೆಲ್ ಅಲ್ಲಿಂದ ದೂರವೇನಲ್ಲ. ಆದರೆ ಆ ಊರಿನ ಹಳೆಯ ವಿಶ್ವವಿದ್ಯಾಲಯ ಮೊದಲ ವಿದ್ಯಾರ್ಥಿನಿಯನ್ನು ಒಳಗೆ ಬಿಟ್ಟುಕೊಂಡಿದ್ದು 1890ರಲ್ಲಿ.

ಮೊದಮೊದಲು ಸುಮ್ಮನೆ ಪಾಠ ಕೇಳಲು ಕೂತ ಸುಸ್ಲೋವಾ, ಕಪ್ಪೆಯ ದೇಹದಲ್ಲಿ ದುಗ್ಧರಸವನ್ನು ನೂಕುವ ಪುಟ್ಟ 'ಹೃದಯ'ಗಳ ಮೇಲೆ ಪ್ರಬಂಧ ಬರೆದು, 1867ರ ಡಿಸೆಂಬರಿನಲ್ಲಿ ವೈದ್ಯಕೀಯ ಡಾಕ್ಟರೇಟ್ ಪಡೆದಳು. ಸುದ್ದಿ ಹಬ್ಬಲು ತಡವಾಗಲಿಲ್ಲ. ವೇಲ್ಸ್‌ನಿಂದ ಫ್ರಾನ್ಸಿಸ್ ಮಾರ್ಗನ್, ಅಮೆರಿಕದಿಂದ ಸುಸಾನ್ ಡಿಮಾಕ್ ಬಂದು ಓದಿ ಪದವಿ ಪಡೆದರು. ಆದರೆ ಸಾಲುಗಟ್ಟಿ ಬಂದವರು ರಷ್ಯನ್ನರೇ.

ಮನೆಯಿಂದ ಹೊರಬೀಳುವುದೇ ದೊಡ್ಡ ಸಾಹಸ. ಅಪ್ಪನೋ ಗಂಡನೋ ಒಪ್ಪದೆ ರಷ್ಯಾದ ಹೆಣ್ಣಿಗೆ ಪಾಸ್‌ಪೋರ್ಟ್ ಸಿಗುತ್ತಿರಲಿಲ್ಲ. ಅದಕ್ಕೇ ಕೆಲವರು ಹೆಸರಿಗೊಂದು ಮದುವೆ ಮಾಡಿಕೊಂಡು ಗಡಿ ದಾಟುತ್ತಿದ್ದರು. ಗಣಿತಜ್ಞೆ ಸೋಫಿಯಾ ಕೊವಲೆವ್ಸ್ಕಾಯಾ 1868ರಲ್ಲಿ ಮದುವೆಯಾದದ್ದೂ ಈ ಲೆಕ್ಕಾಚಾರದಿಂದಲೇ. ಆಕೆ ಹಿಡಿದದ್ದು ಮಾತ್ರ ಹೈಡೆಲ್‌ಬರ್ಗ್ ದಾರಿ. ಮುಂದೆ ಕ್ರಾಂತಿಕಾರಿಯಾದ ವೆರಾ ಫಿಗ್ನರ್ 1872ರಲ್ಲಿ ನಿಜವಾದ ಗಂಡನನ್ನೂ ತಂಗಿ ಲಿಡಿಯಾಳನ್ನೂ ಕರೆದುಕೊಂಡೇ ಜ್ಯೂರಿಕ್‌ಗೆ ಬಂದಳು. ಗಂಡ ಊರಿಗೆ ಹೋಗೋಣ ಎಂದಾಗ ಆಕೆ ಒಪ್ಪಲಿಲ್ಲ. ಆತ ಹೋದ, ಈಕೆ ಉಳಿದಳು.

ಈ ರಷ್ಯನ್ ಹೆಂಗಸರು ಬಾಡಿಗೆ ಹಿಡಿದದ್ದು ಗುಡ್ಡದ ಮೇಲಿನ ಓಬರ್‌ಸ್ಟ್ರಾಸ್, ಫ್ಲುಂಟರ್ನ್ ಕಡೆ. ಆಗ ಅವು ಬೇರೆಯದೇ ಊರುಗಳು, ಜ್ಯೂರಿಕ್‌ಗೆ ಸೇರಿದ್ದು 1893ರಲ್ಲಿ. ಕತ್ತರಿಸಿದ ಕೂದಲು, ಬೆರಳ ಸಂದಿಯಲ್ಲಿ ಸಿಗರೇಟು, ರಾತ್ರಿಯೆಲ್ಲ ವಾದ: ಅಕ್ಕಪಕ್ಕದವರಿಗೆ ಮಾತಾಡಲು ಸಾಕಷ್ಟು ಸರಕು. ಫಿಗ್ನರ್ ತಂಗಿಯಿದ್ದ ಗುಂಪಿಗೆ ಮನೆಯೊಡತಿಯ ಹೆಸರೇ ಅಂಟಿ 'ಫ್ರಿಚ್ಚಿ' ಎಂದಾಯಿತು. ಗಂಡಸರ ಎದುರು ಬಾಯಿ ಕಟ್ಟುತ್ತದೆಂದು, ವಾದ ಮಾಡುವುದನ್ನು ಕಲಿಯಲು ಹೆಂಗಸರಿಗೆ ಮಾತ್ರ ಎಂಬ ಸಂಘವನ್ನೂ ಕಟ್ಟಿದರು. ಅಂಗರಚನಾಶಾಸ್ತ್ರದ ಪಾಠಕ್ಕೆ ಬಂದ ಹುಡುಗಿಯರು ರಷ್ಯನ್ ಕ್ರಾಂತಿಕಾರಿ ಚಿಂತಕರಾದ ಬಾಕುನಿನ್, ಲಾವ್ರೋವ್ ಇಬ್ಬರ ಕಡೆಯವರ ಜಗಳದಲ್ಲೂ ಬಿದ್ದರು. ಊರು ಬರೀ ಕಾಲೇಜಿನಷ್ಟಕ್ಕೆ ಉಳಿಯುವುದುಂಟೆ?

ಜಾರ್ ಸರ್ಕಾರದ ಕಣ್ಣು ಅಲ್ಲೇ ನೆಟ್ಟಿತ್ತು. 1873ರ ಬೇಸಿಗೆಯ ಹೊತ್ತಿಗೆ ಅಲ್ಲಿ ಓದುತ್ತಿದ್ದ ರಷ್ಯನ್ ಹೆಂಗಸರು ಸುಮಾರು ನೂರು. ಜೂನ್‌ನಲ್ಲಿ ಆದೇಶ ಹೊರಟಿತು: 1874ರ ಜನವರಿ 1ರ ನಂತರವೂ ಜ್ಯೂರಿಕ್‌ನಲ್ಲಿ ಓದು ಮುಂದುವರಿಸುವವರಿಗೆ ರಷ್ಯಾದಲ್ಲಿ ಪರೀಕ್ಷೆಯೂ ಇಲ್ಲ, ಸರ್ಕಾರದ ಕೈಕೆಳಗಿನ ಕೆಲಸವೂ ಇಲ್ಲ. ಕ್ರಾಂತಿಯ ಹುಚ್ಚಿನ ಜೊತೆ ನಡತೆಯ ಮೇಲೂ ಕೆಸರು ಎರಚಲಾಗಿತ್ತು. ಓದಲು ಹೋದವರನ್ನು ಹೆದರಿಸಿ ಕರೆಸಿಕೊಳ್ಳಲು ಹೊರಟ ಸರ್ಕಾರಕ್ಕೆ ಅದಕ್ಕಿಂತ ಸುಲಭದ ಆಯುಧ ಎಲ್ಲಿ ಸಿಕ್ಕೀತು!

ಆದರೆ ಆದೇಶದಲ್ಲಿದ್ದದ್ದು ಒಂದೇ ಊರಿನ ಹೆಸರು. ಹಾಗಾಗಿ ಹಲವರು ಗಂಟುಮೂಟೆ ಕಟ್ಟಿ ಬರ್ನ್‌ಗೆ ಹೋದರು, ಕೆಲವರು ಪ್ಯಾರಿಸ್‌ಗೆ. ಫ್ರಿಚ್ಚಿಗಳಲ್ಲಿ ಹಲವರು ರಷ್ಯಾಕ್ಕೆ ಮರಳಿ ಮಾಸ್ಕೋದ ಕಾರ್ಖಾನೆಗಳಲ್ಲಿ ಕೂಲಿ ಹೆಂಗಸರ ವೇಷದಲ್ಲಿ ಪ್ರಚಾರ ಮಾಡಿ, 1877ರಲ್ಲಿ 'ಐವತ್ತು ಮಂದಿಯ ವಿಚಾರಣೆ'ಯ ಕಟಕಟೆ ಹತ್ತಿದರು. ಬರ್ನ್‌ಗೆ ಹೋಗಿದ್ದ ವೆರಾ ಫಿಗ್ನರ್ ಪದವಿ ಮುಗಿಸದೆ 1875ರಲ್ಲಿ ವಾಪಸಾದಳು. ಮುಂದೆ ಇಪ್ಪತ್ತು ವರ್ಷ ಶ್ಲಿಸ್ಸೆಲ್‌ಬರ್ಗ್ ಕೋಟೆಯ ಸೆರೆ.

ಜ್ಯೂರಿಕ್ ಮತ್ತೆ ತುಂಬಿಕೊಂಡಿತು. 1889ರಲ್ಲಿ ಪೋಲೆಂಡಿನಿಂದ, ಮುಂದೆ ಸಮಾಜವಾದಿ ನಾಯಕಿಯಾದ ರೋಸಾ ಲಕ್ಸೆಂಬರ್ಗ್ ಬಂದಳು. ಸೆರ್ಬ್ ಕುಟುಂಬದ ಮಿಲೆವಾ ಮಾರಿಚ್ 1896ರಲ್ಲಿ ಅಲ್ಲಿನ ಪಾಲಿಟೆಕ್ನಿಕ್ ಸೇರಿದಳು. ಐನ್‌ಸ್ಟೈನ್ ಆಕೆಯ ಸಹಪಾಠಿ. ಬರ್ನ್ ಕೂಡ ಖಾಲಿಯಾಗಲಿಲ್ಲ. ಕಿಶಿನೆವ್‌ನಲ್ಲಿ ಬೆಳೆದ ಯಹೂದಿ ಹುಡುಗಿ ಆನಾ ತುಮಾರ್ಕಿನ್ 1892ರಲ್ಲಿ ಅಲ್ಲಿಗೆ ತತ್ವಶಾಸ್ತ್ರ ಓದಲು ಬಂದು, 1909ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದಳು. ಡಾಕ್ಟರೇಟ್ ಪರೀಕ್ಷೆ ನಡೆಸುವ ಅಧಿಕಾರವೂ ಆಕೆಗಿತ್ತು. ಮುಖ್ಯ ಕಟ್ಟಡದ ಪಕ್ಕದ ದಾರಿಗೆ ಈಗ ತುಮಾರ್ಕಿನ್ ಹೆಸರಿದೆ.