ಮಾಹ್ಲರನ ಪೃಥ್ವೀಗೀತ

ಪಾಶ್ಚಾತ್ಯ ಸಂಗೀತದಲ್ಲಿ ಸಿಂಫನಿಯೆಂಬುದು ಮಾತಿನ ಆಶ್ರಯವಿಲ್ಲದೆ ಬೆಳೆದ ಪ್ರಕಾರ. ಕೆಲವು ಸ್ವರಕಲ್ಪನೆಗಳನ್ನು ಎದುರುಬದುರಾಗಿ ನಿಲ್ಲಿಸಿ, ಬೆಳೆಸಿ, ಕಡೆಗೊಂದು ನೆಲೆಗೆ ಮುಟ್ಟಿಸುವುದು ಅದರ ಧರ್ಮ. ಗೀತಮಾಲೆಯ ಧರ್ಮ ಬೇರೆ. ಅಲ್ಲಿ ಕವಿತೆಯೇ ಯಜಮಾನ. ಷೂಬರ್ಟನಿಗೆ ಒಂದು ಕಂಠ, ಒಂದು ಪಿಯಾನೊ ಸಾಕಾಗಿದ್ದವು. ಈ ಎರಡು ಧರ್ಮಗಳನ್ನೂ ಒಂದೇ ಕೃತಿಯಲ್ಲಿ ನಡೆಸಿದ ಗುಸ್ಟಾವ್ ಮಾಹ್ಲರನ 'ಪೃಥ್ವೀಗೀತ'ದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

1907ನೆಯ ಇಸವಿ ಮಾಹ್ಲರನ ಪಾಲಿಗೆ ಕೇಡಿನ ವರ್ಷ. ಹತ್ತು ವರ್ಷ ನಡೆಸಿದ ವಿಯೆನ್ನಾದ ರಾಜಾಸ್ಥಾನದ ಒಪೆರಾಗೃಹವನ್ನು ಅವನು ಬಿಟ್ಟನು. ಜುಲೈ ತಿಂಗಳಲ್ಲಿ ಐದು ತುಂಬದ ಹಿರಿಯ ಮಗಳು ತೀರಿಕೊಂಡಳು. ಅದರ ಬೆನ್ನಿಗೇ ವೈದ್ಯರು ಅವನ ಹೃದಯದಲ್ಲಿ ದೋಷವನ್ನು ಕಂಡರು. ಬೆಟ್ಟ ಹತ್ತುತ್ತ, ಈಜುತ್ತ, ಬಹುದೂರ ನಡೆಯುತ್ತ ಸ್ವರಗಳನ್ನು ಹುಡುಕುತ್ತಿದ್ದವನಿಗೆ ಅವೆಲ್ಲವೂ ನಿಷಿದ್ಧವಾದವು.

ಅದೇ ವರ್ಷ ಹಾನ್ಸ್ ಬೆಥ್ಗೆ ಎಂಬಾತನು 'ಚೀಣದ ಕೊಳಲು' ಎಂಬ ಜರ್ಮನ್ ಪದ್ಯಸಂಗ್ರಹವನ್ನು ಪ್ರಕಟಿಸಿದನು. ಬೆಥ್ಗೆಗೆ ಚೀಣೀಭಾಷೆ ಬಾರದು. ಹಿಂದಿನ ಜರ್ಮನ್, ಫ್ರೆಂಚ್ ಅನುವಾದಗಳಿಂದ ಅವನು ತನ್ನ ಪದ್ಯಗಳನ್ನು ಕಟ್ಟಿದ್ದನು. ಇಂಗ್ಲಿಷಿನ ಮೂಲಕ ರಷ್ಯನ್ ಕಥೆಗಳನ್ನೋದಿದ ನಮಗೆ ಇದೇನೂ ಹೊಸತಲ್ಲ. ಕೈಯಿಂದ ಕೈಗೆ ದಾಟುವಾಗ ವಿನೋದವೂ ನಡೆದಿದೆ: ಮೂರನೆಯ ಹಾಡಿನ 'ಪಿಂಗಾಣಿಯ ಮಂಟಪ'ವು ಮೂಲದಲ್ಲಿ ತಾವೊ ಎಂಬ ಮನೆತನದವರ ಮಂಟಪವೆಂದೂ, ಫ್ರೆಂಚ್ ಅನುವಾದಕಿಯು ಆ ಹೆಸರನ್ನು ಪಿಂಗಾಣಿಯೆಂದು ತಿಳಿದಳೆಂದೂ ವಿದ್ವಾಂಸರು ಹೇಳುತ್ತಾರೆ.

ಮಾಹ್ಲರನು ಈ ಸಂಗ್ರಹದಿಂದ ಏಳು ಪದ್ಯಗಳನ್ನಾರಿಸಿ, 1908ರ ಬೇಸಗೆಯಲ್ಲಿ ತಿರೋಲ್ ಪ್ರಾಂತದ ಟೋಬ್ಲಾಖ್ ಎಂಬಲ್ಲಿ ಆರು ಭಾಗಗಳಾಗಿ ರಚಿಸತೊಡಗಿದನು. ಟೆನರ್ ಗಾಯಕನೊಬ್ಬ, ಆಲ್ಟೊ ಗಾಯಕಿಯೊಬ್ಬಳು ಸರದಿಯಾಗಿ ಹಾಡುತ್ತಾರೆ. ಕೃತಿಗೆ ಅವನು ಸಿಂಫನಿಯೆಂದೇ ಹೆಸರಿಟ್ಟನು, ಆದರೆ ಸಂಖ್ಯೆಯನ್ನು ಕೊಡಲಿಲ್ಲ. ಬೀಥೋವನನಿಗೂ ಬ್ರುಕ್ನರನಿಗೂ ಒಂಬತ್ತನೆಯದೇ ಕಡೆಯದಾದುದರಿಂದ ಅಂಜಿದನೆಂದು ಅವನ ಪತ್ನಿ ಹೇಳಿದ್ದಾಳೆ.

ಹೆಸರು ಸಲ್ಲುವುದೇ? ಸಲ್ಲುವುದೆಂದೇ ನಮ್ಮ ಅಭಿಪ್ರಾಯ. ಕೃತಿಯ ಬಹುಭಾಗದಲ್ಲಿ ಐದು ಸ್ವರಗಳ ಶ್ರೇಣಿಯೊಂದು ಸುಳಿಯುತ್ತದೆ. ನಮ್ಮ ಮೋಹನರಾಗದ ಸ್ವರಗಳೇ ಅವು. ಅದರೊಳಗಿನ ಧ, ಪ, ಗ ಎಂಬ ಮೂರು ಸ್ವರಗಳ ಇಳಿಜಾರು ಮೊದಲ ಹಾಡಿನಿಂದಲೇ ನಾನಾ ವೇಷಗಳಲ್ಲಿ ಮರಳಿ ಮರಳಿ ಬರುತ್ತದೆ. ಹೀಗೆ ಬೀಜವೊಂದನ್ನು ಬೆಳೆಸುವುದು ಸಿಂಫನಿಯ ರೀತಿ.

ಇನ್ನೂ ಬಲವಾದ ಸಾಕ್ಷ್ಯ ಕಡೆಯ ಭಾಗವಾದ 'ಬೀಳ್ಕೊಡುಗೆ'ಯಲ್ಲಿದೆ. ಸುಮಾರು ಅರ್ಧ ಗಂಟೆಯ ಈ ಹಾಡು ಮಿಕ್ಕ ಐದನ್ನೂ ಕೂಡಿಸಿದಷ್ಟು ದೀರ್ಘ. ಇಲ್ಲಿ ಎಂಟನೆಯ ಶತಮಾನದ ಇಬ್ಬರು ಸ್ನೇಹಿತರಾದ ಮೆಂಗ್ ಹಾವ್‌ರಾನ್, ವಾಂಗ್ ವೇಯ್ ಇವರ ಒಂದೊಂದು ಪದ್ಯ ಕೂಡಿವೆ. ಮೊದಲನೆಯದರಲ್ಲಿ ಒಬ್ಬನು ಸಂಜೆಯಲ್ಲಿ ಗೆಳೆಯನಿಗಾಗಿ ಕಾಯುತ್ತಾನೆ. ಎರಡನೆಯದರಲ್ಲಿ ಭೇಟಿಯಾಗಿ ಅಗಲಿಕೆಯಾಗುತ್ತದೆ. ನಡುವೆ ಏನು ನಡೆಯಿತೆಂದು ಯಾವ ಕವಿಯೂ ಹೇಳಿಲ್ಲ. ಅಲ್ಲಿ ಕಂಠವು ಸುಮ್ಮನಾಗುತ್ತದೆ. ಜಾಗಟೆಯ ಕುಂದಿದ ನಾದದೊಡನೆ ವಾದ್ಯವೃಂದವು ಶವಯಾತ್ರೆಯ ನಡೆಯಲ್ಲಿ ಹಲವು ನಿಮಿಷ ಸಾಗುತ್ತದೆ. ಕಂಠವು ಮರಳಿದಾಗ ಬೇರೊಬ್ಬನ ಕಥೆಯನ್ನು ಹೇಳುವಂತೆ ಹಾಡುತ್ತದೆ: ಬೆಥ್ಗೆಯ 'ನಾನು' ಎಂಬುದನ್ನು ಮಾಹ್ಲರನು 'ಅವನು' ಎಂದು ತಿದ್ದಿದ್ದನು. ಕಾಯುತ್ತಿದ್ದವನು ಎಲ್ಲಿ ಹೋದನು? ಇಂಥ ಪ್ರಶ್ನೆಯನ್ನು ಕೇಳುಗನಲ್ಲಿ ಹುಟ್ಟಿಸುವ ಶಕ್ತಿ ಬರಿಯ ಹಾಡಿಗಿರಲಿಲ್ಲ. ಮಾತು ನಿಂತಮೇಲೂ ನಡೆಯಬಲ್ಲ ಸಿಂಫನಿ ಅದಕ್ಕೆ ಬೇಕಾಯಿತು.

ಕಡೆಯ ಸಾಲುಗಳನ್ನು ಮಾಹ್ಲರನು ತಾನೇ ಬರೆದು ಸೇರಿಸಿದನು. ಗಾಯಕಿಯು 'ಎಂದೆಂದಿಗೂ' ಎಂಬರ್ಥದ ಪದವೊಂದನ್ನೇ ಮತ್ತೆ ಮತ್ತೆ ಹೇಳುತ್ತ ಕ್ಷೀಣಿಸುತ್ತಾಳೆ. ಸ, ಗ, ಪಗಳು ಕೂಡಿ ನಿಂತಾಗ ಇಳಿದು ಬರಬೇಕಾದ ಧ ಇಳಿಯದೆ ಹಾಗೆಯೇ ಜೊತೆಯಲ್ಲಿ ಉಳಿಯುತ್ತದೆ.

ಈ ಭಾಗವನ್ನು ಜನರು ತಾಳಿಯಾರೇ ಎಂದು ಮಾಹ್ಲರನು ಶಿಷ್ಯಪ್ರಾಯನಾದ ಬ್ರೂನೋ ವಾಲ್ಟರನನ್ನು ಕೇಳಿದ್ದನಂತೆ. ಉತ್ತರ ತಿಳಿಯುವ ಮುನ್ನವೇ, 1911ನೆಯ ಮೇ 18ರಂದು ಅವನು ಮರಣಹೊಂದಿದನು. ಅದೇ ವರ್ಷದ ನವೆಂಬರ್ 20ರಂದು ಮ್ಯೂನಿಕ್ ನಗರದಲ್ಲಿ ಕೃತಿಯನ್ನು ಮೊದಲಿಗೆ ನಡೆಸಿದವನು ವಾಲ್ಟರನೇ. 1936ರಲ್ಲಿ ವಿಯೆನ್ನಾದ ಸಭೆಯೊಂದರಲ್ಲಿ ಅವನು ನಡೆಸಿದುದನ್ನು ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿಕೊಂಡರು. ಎರಡು ವರ್ಷ ಕಳೆಯುವುದರೊಳಗೆ ನಾಟ್ಸಿಗಳು ಆ ನಗರವನ್ನು ಹೊಕ್ಕರು. ಯೆಹೂದ್ಯನಾದ ಮಾಹ್ಲರನ ಸಂಗೀತಕ್ಕೆ ಅಲ್ಲಿ ನಿಷೇಧ ಬಂದಿತು, ವಾಲ್ಟರನು ದೇಶಭ್ರಷ್ಟನಾದನು.