ತಂಬಾಕು ಬಿಡಿಸುವ ಆಪ್ತಸಲಹೆ: ಆರೋಗ್ಯ ವಿಜ್ಞಾನ ವಿದ್ಯಾರ್ಥಿಗಳ ತರಬೇತಿ

ತಂಬಾಕಿನ ಚಟದಿಂದ ಹೊರಬರಲು ರೋಗಿಗೆ ನೆರವಾಗುವ ಕೌಶಲವನ್ನು ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್ ಮತ್ತು ಫಾರ್ಮಸಿ ವಿದ್ಯಾರ್ಥಿಗಳಿಗೆ ಓದಿನ ಹಂತದಲ್ಲೇ ಕಲಿಸುವ ಕ್ರಮ. ತಂಬಾಕಿನಿಂದಾಗುವ ಕ್ಯಾನ್ಸರ್, ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳ ಪಾಠ ಪಠ್ಯದಲ್ಲಿ ಹಿಂದಿನಿಂದಲೂ ಇದೆ. ಬಿಡಿಸುವುದು ಹೇಗೆಂಬುದು ತೀರ ಈಚಿನ ಸೇರ್ಪಡೆ. ಕೇಸ್ ಶೀಟಿನಲ್ಲಿ ‘ದಿನಕ್ಕೆ ಎರಡು ಕಟ್ಟು ಬೀಡಿ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುವ ರೂಢಿಯನ್ನು ಬದಲಿಸುವುದೇ ಈ ತರಬೇತಿಯ ಮುಖ್ಯ ಕೆಲಸ.

ಅಗತ್ಯ

2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇ. 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಜಗಿಯುವ, ಮೂಸುವ ಹೊಗೆರಹಿತ ತಂಬಾಕು ಬಳಸುವವರು ಶೇ. 21.4, ಸೇದುವವರು ಶೇ. 10.7. ವೈದ್ಯರಲ್ಲಿಗೆ ಹೋಗಿದ್ದ ಧೂಮಪಾನಿಗಳಲ್ಲಿ ಬಿಡುವ ಸಲಹೆ ಸಿಕ್ಕಿದ್ದು ಶೇ. 48.8 ಮಂದಿಗೆ, ಹೊಗೆರಹಿತ ತಂಬಾಕು ಬಳಸುವವರಲ್ಲಿ ಶೇ. 31.7 ಮಂದಿಗೆ ಮಾತ್ರ. ಈ ಎರಡನೆಯ ಕೊರತೆ ಹೆಚ್ಚು ಗಂಭೀರವಾದುದು, ಏಕೆಂದರೆ ಅದು ಪ್ರಶ್ನೆಯಲ್ಲೇ ಶುರುವಾಗುತ್ತದೆ. ‘ಸಿಗರೇಟ್ ಸೇದ್ತೀರಾ?’ ಎಂದರೆ ‘ಇಲ್ಲ’ ಎನ್ನುವವರು ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ದಿನವಿಡೀ ಹಾಕಿಕೊಳ್ಳುತ್ತಿರಬಹುದು. ಹೆಂಗಸರ ವಿಷಯದಲ್ಲಂತೂ ಹೆಸರು ಹಿಡಿದು ಕೇಳದೆ ಉತ್ತರ ಸಿಗುವುದಿಲ್ಲ.

ರಸೆಲ್ ಅಧ್ಯಯನ

ಚಿಕ್ಕ ಸಲಹೆಗೂ ಫಲವಿದೆ ಎಂಬ ನಂಬಿಕೆಗೆ ಆಧಾರ ಒದಗಿಸಿದ್ದು ಮೈಕಲ್ ರಸೆಲ್ ಮತ್ತು ಸಂಗಡಿಗರು 1979ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದ ಲಂಡನ್ ಅಧ್ಯಯನ. 28 ಸಾಮಾನ್ಯ ವೈದ್ಯರಲ್ಲಿಗೆ ಬಂದ 2,138 ಧೂಮಪಾನಿಗಳನ್ನು ನಾಲ್ಕು ಗುಂಪು ಮಾಡಲಾಯಿತು. ಮೊದಲ ಗುಂಪಿಗೆ ಏನನ್ನೂ ಹೇಳಲಿಲ್ಲ; ಎರಡನೆಯದು ಪ್ರಶ್ನಾವಳಿ ತುಂಬಿತು, ಅಷ್ಟೆ. ಮೂರನೆಯದಕ್ಕೆ ಬಿಡಿ ಎಂದು ಸಲಹೆ ಸಿಕ್ಕಿತು. ನಾಲ್ಕನೆಯದಕ್ಕೆ ಒಂದೆರಡು ನಿಮಿಷದ ಸಲಹೆಯ ಜೊತೆ ಕರಪತ್ರ ಕೊಟ್ಟು, ಮುಂದೆ ವಿಚಾರಿಸುತ್ತೇವೆ ಎಂದೂ ತಿಳಿಸಿದರು. ಒಂದು ತಿಂಗಳೊಳಗೆ ಬಿಟ್ಟು, ವರ್ಷದ ನಂತರವೂ ಸೇದದೆ ಉಳಿದವರು ಅನುಕ್ರಮವಾಗಿ ಶೇ. 0.3, 1.6, 3.3 ಮತ್ತು 5.1.

ನೂರಕ್ಕೆ ಐವರು ಎಂಬುದು ವಿದ್ಯಾರ್ಥಿಗೆ ನಿರಾಶಾದಾಯಕವಾಗಿ ಕಾಣಬಹುದು. ಆದರೆ ಬ್ರಿಟನ್ನಿನ ಎಲ್ಲ ಸಾಮಾನ್ಯ ವೈದ್ಯರೂ ಇಷ್ಟನ್ನು ಮಾಡಿದರೆ ವರ್ಷಕ್ಕೆ ಐದು ಲಕ್ಷಕ್ಕೂ ಹೆಚ್ಚು ಜನ ಬಿಡುತ್ತಾರೆ, ಆಗಿದ್ದ ಸುಮಾರು 50 ವಿಶೇಷ ಕೇಂದ್ರಗಳನ್ನು 10,000ಕ್ಕೆ ಏರಿಸಿದರೂ ಆ ಸಂಖ್ಯೆ ಮುಟ್ಟಲಾಗದು ಎಂದು ಸಂಶೋಧಕರು ಲೆಕ್ಕ ಹಾಕಿದ್ದರು. ತರಬೇತಿಯನ್ನು ಮನೋವೈದ್ಯರಿಗೆ ಮೀಸಲಿಡದೆ ಎಲ್ಲ ವಿದ್ಯಾರ್ಥಿಗಳಿಗೂ ಕೊಡಬೇಕೆಂಬ ವಾದದ ಬಲ ಇರುವುದು ಇಲ್ಲಿ.

ಕಲಿಸುವ ವಿಷಯ

ಹೆಚ್ಚು ಬಳಕೆಯಲ್ಲಿರುವುದು ಐದು ಹೆಜ್ಜೆಗಳ ಚೌಕಟ್ಟು: ಕೇಳುವುದು, ಸಲಹೆ ಕೊಡುವುದು, ಸಿದ್ಧತೆ ಅಳೆಯುವುದು, ನೆರವಾಗುವುದು, ಮುಂದಿನ ಭೇಟಿ ಗೊತ್ತುಮಾಡುವುದು. ಬಿಡಲು ಮನಸ್ಸಿಲ್ಲದವರಿಗಾಗಿ ವಿಲಿಯಂ ಮಿಲ್ಲರ್ 1983ರಲ್ಲಿ ನಿರೂಪಿಸಿದ ಪ್ರೇರಣಾ ಸಂದರ್ಶನದ ಪ್ರಾಥಮಿಕ ಪಾಠ ಇರುತ್ತದೆ. ಉಪದೇಶಕ್ಕಿಂತ ರೋಗಿಯ ಬಾಯಿಂದಲೇ ಕಾರಣ ಹೊರಡಿಸುವುದು ಅದರ ತಿರುಳು.

ಅವಲಂಬನೆ ಅಳೆಯಲು ಆರು ಪ್ರಶ್ನೆಗಳ ಫೇಗರ್‌ಸ್ಟ್ರಾಮ್ ಪರೀಕ್ಷೆಯಿದೆ. ಸಮಯವಿಲ್ಲದಿದ್ದರೆ ಒಂದೇ ಪ್ರಶ್ನೆ ಬಹಳಷ್ಟನ್ನು ಹೇಳುತ್ತದೆ: ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು? ಐದು ನಿಮಿಷದೊಳಗೆ ಎಂದರೆ ಮೂರು ಅಂಕ. ಅರ್ಧ ಗಂಟೆಯೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಮಿ.ಗ್ರಾಂ. ನಿಕೋಟಿನ್ ಗಮ್, ಉಳಿದವರಿಗೆ 2 ಮಿ.ಗ್ರಾಂ. ಗಮ್ ಅಗಿಯುವ ಕ್ರಮವನ್ನು ವಿವರಿಸಿ ಹೇಳಲು ವಿದ್ಯಾರ್ಥಿಗೆ ಬರಬೇಕು. ಖಾರ ಏರುವವರೆಗೆ ನಿಧಾನವಾಗಿ ಅಗಿದು, ಕೆನ್ನೆಯ ಒಳಬದಿಗೆ ಒತ್ತರಿಸಿ, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಮುಂಚಿನ 15 ನಿಮಿಷ ಕಾಫಿ, ಹಣ್ಣಿನ ರಸ ಬೇಡ. ಆಮ್ಲೀಯ ಪಾನೀಯಗಳು ಬಾಯಲ್ಲಿ ನಿಕೋಟಿನ್ ಹೀರಿಕೆಯನ್ನು ತಗ್ಗಿಸುತ್ತವೆ. ಇದನ್ನು ತಿಳಿಸದೆ ಚೀಟಿ ಬರೆದರೆ ರೋಗಿ ಚೂಯಿಂಗ್ ಗಮ್‌ನಂತೆ ಅಗಿದು, ಬಿಕ್ಕಳಿಕೆ ಬಂದು, ಎರಡೇ ದಿನಕ್ಕೆ ಬಿಸಾಡುವ ಸಂಭವವಿದೆ.

ಭಾರತದಲ್ಲಿ

2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಿಂದ ದೇಶದಲ್ಲಿ 13 ತಂಬಾಕು ವ್ಯಸನಮುಕ್ತಿ ಕೇಂದ್ರಗಳು ಆರಂಭವಾದವು. ಬೆಂಗಳೂರಿನ ನಿಮ್ಹಾನ್ಸ್ ಅವುಗಳಲ್ಲೊಂದು. ‘ಕ್ವಿಟ್ ಟೊಬ್ಯಾಕೊ ಇಂಟರ್‌ನ್ಯಾಷನಲ್’ ಯೋಜನೆ ಕೇರಳ ಮತ್ತು ಕರ್ನಾಟಕದ ಕೆಲವು ವೈದ್ಯಕೀಯ ಕಾಲೇಜುಗಳೊಡನೆ ಸೇರಿ ತಂಬಾಕಿನ ಪಾಠವನ್ನು ಬೇರೆ ಬೇರೆ ವಿಷಯಗಳೊಳಗೇ ಹೆಣೆಯುವ ಪಠ್ಯ ರೂಪಿಸಿತು. ಕ್ಷಯ, ಮಧುಮೇಹಗಳ ಪಾಠದಲ್ಲೇ ಆಯಾ ರೋಗಿಗೆ ಹೊಂದುವ ಸಲಹೆಯನ್ನೂ ಕಲಿಸುವ ಈ ಮಾರ್ಗ ಪ್ರತ್ಯೇಕ ಉಪನ್ಯಾಸಕ್ಕಿಂತ ಮೇಲು ಎನ್ನಬಹುದು. ದಂತ ವೈದ್ಯಕೀಯ ಕಾಲೇಜುಗಳಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರ ಸ್ಥಾಪಿಸಲು ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಪರಿಣಾಮ

ವೃತ್ತಿನಿರತರ ತರಬೇತಿ ಕುರಿತ 17 ಪ್ರಯೋಗಗಳನ್ನು ಒಟ್ಟುಗೂಡಿಸಿದ 2012ರ ಕೊಕ್ರೇನ್ ವಿಮರ್ಶೆ, ತರಬೇತಿ ಪಡೆದವರ ರೋಗಿಗಳು ಹೆಚ್ಚು ಸಂಖ್ಯೆಯಲ್ಲಿ ಬಿಡುತ್ತಾರೆ ಎಂದು ಕಂಡುಕೊಂಡಿತು. ವಿದ್ಯಾರ್ಥಿಗಳ ಕುರಿತ ಅಧ್ಯಯನಗಳು ಹೆಚ್ಚಾಗಿ ಜ್ಞಾನ ಮತ್ತು ಆತ್ಮವಿಶ್ವಾಸವನ್ನು ಅಳೆಯುತ್ತವೆ. ಕೌಶಲವನ್ನೇ ಅಳೆಯಬೇಕಾದರೆ, ರೋಗಿಯ ಪಾತ್ರ ವಹಿಸಿದವರೊಡನೆ ಮಾತಾಡಿಸಿ, ಆ ಮಾತಿಗೆ ಅಂಕ ಕೊಡುವ ಓಎಸ್‌ಸಿಇ ಮಾದರಿಯ ಪರೀಕ್ಷೆಯಲ್ಲಿ ಈ ಕೌಶಲಕ್ಕೂ ಒಂದು ಘಟ್ಟ ಇರಿಸುವುದು ಸಾಧ್ಯ.