ಸೇಂಟ್ ಜಾರ್ಜ್ ಕೋಟೆಯ ದೇವಾಲಯವೂ ಅದರ ಅಂಗಳದ ಗೋರಿಕಲ್ಲುಗಳೂ

ಇಂದು ಚೆನ್ನೈ ಎನಿಸಿಕೊಂಡಿರುವ ಮದರಾಸಿನ ಕೋಟೆಯೊಳಗೆ ಸೇಂಟ್ ಮೇರಿ ಎಂಬ ಕ್ರೈಸ್ತ ದೇವಾಲಯವಿದೆ. ಇದು ಪ್ರತಿಷ್ಠಿತವಾದುದು ಕ್ರಿ. ಶ. 1680ರಲ್ಲಿ. ಆದರೆ ಇದರ ಅಂಗಳದ ನೆಲಹಾಸಿನಲ್ಲಿ 1652ನೆಯ ಇಸವಿಯನ್ನು ಹೊತ್ತ ಗೋರಿಕಲ್ಲೊಂದು ಕಾಣುವುದು. ದೇವಾಲಯವು ಹುಟ್ಟುವುದಕ್ಕೆ 28 ವರ್ಷಗಳ ಮೊದಲೇ ಅದರ ಅಂಗಳದಲ್ಲಿ ಸಮಾಧಿಯುಂಟಾದುದೆಂತು? ಈ ಪ್ರಶ್ನೆಗೆ ಉತ್ತರವು ಆ ಕೋಟೆಯ ಯುದ್ಧಗಳ ಚರಿತ್ರೆಯಲ್ಲಿ ದೊರೆಯುತ್ತದೆ.

ವಿಜಯನಗರದರಸರ ಅಧೀನನಾಗಿದ್ದ ದಾಮರ್ಲ ವೆಂಕಟಪ್ಪ ನಾಯಕನಿಂದ 1639ರಲ್ಲಿ ಇಂಗ್ಲಿಷ್ ವರ್ತಕರು ಈ ನೆಲವನ್ನು ಪಡೆದರು. ಮೊದಮೊದಲು ಅವರ ಪ್ರಾರ್ಥನೆಯು ಕೋಠಿಯ ಒಂದು ಕೊಠಡಿಯಲ್ಲಿಯೇ ನಡೆಯುತ್ತಿತ್ತು. ಸ್ಟ್ರೆನ್‌ಷಮ್ ಮಾಸ್ಟರನು ಗವರ್ನರಾಗಿ ಬಂದ ಬಳಿಕ ಕೋಟೆಯ ನಿವಾಸಿಗಳಿಂದ ಚಂದಾ ಎತ್ತಿ, 1678ನೆಯ ಮಾರ್ಚಿ 25ರಂದು ಕಟ್ಟಡಕ್ಕೆ ಅಸ್ತಿಭಾರವನ್ನು ಹಾಕಿಸಿದನು. 1680ನೆಯ ಅಕ್ಟೋಬರ್ 28ರಂದು ಪ್ರತಿಷ್ಠೆಯಾಯಿತು.

ಈ ಕಟ್ಟಡದ ರಚನೆಯು ಕೋಟೆಯ ಫಿರಂಗಿಪಡೆಯವನೊಬ್ಬನ ಕೈಯದೆಂದು ವಿದ್ವಾಂಸರ ಅಭಿಪ್ರಾಯ. ಕಟ್ಟಡವನ್ನು ನೋಡಿದರೆ ಅದು ಒಪ್ಪುವಂತಹ ಮಾತೇ ಆಗಿದೆ. ಹೊರಗೋಡೆಗಳು 4 ಅಡಿ ದಪ್ಪವಾಗಿವೆ. ಮೇಲ್ಛಾವಣಿಗೆ ಮರದ ತೊಲೆಗಳಿಲ್ಲ, ಇಟ್ಟಿಗೆ ಗಾರೆಗಳ ದಪ್ಪನಾದ ಕಮಾನೇ ಛಾವಣಿ. ಫಿರಂಗಿಯ ಗುಂಡು ಬಿದ್ದರೂ ಬೆಂಕಿ ಹತ್ತದಂತೆಯೂ ಕುಸಿಯದಂತೆಯೂ ಇರಬೇಕೆಂಬುದೇ ಇದರ ಉದ್ದೇಶ.

ಆದರೆ ಸತ್ತವರಿಗೆ ಕೋಟೆಯೊಳಗೆ ಎಡೆಯಿರಲಿಲ್ಲ. ಅವರ ಸ್ಮಶಾನವು ಗೋಡೆಯಿಂದಾಚೆಗೆ ಇದ್ದಿತು. 1758ರ ಡಿಸೆಂಬರಿನಲ್ಲಿ ಫ್ರೆಂಚ್ ಸೇನಾಪತಿ ಲಾಲಿಯು ಕೋಟೆಗೆ ಮುತ್ತಿಗೆ ಹಾಕಿದಾಗ ಅಲ್ಲಿನ ಎತ್ತರವಾದ ಸಮಾಧಿಗಳು ಶತ್ರುಗಳಿಗೆ ಮರೆಯಾಗಿ ಒದಗಿದುವು. 1759ರ ಫೆಬ್ರವರಿಯಲ್ಲಿ ಮುತ್ತಿಗೆಯು ತೆರವಾದ ಮೇಲೆ, ಪುನಃ ಹಾಗಾಗದಿರಲೆಂದು, ಎರಡನ್ನು ಬಿಟ್ಟು ಉಳಿದ ಸಮಾಧಿಗಳನ್ನು ಕೆಡವಿ, ಬರೆಹವುಳ್ಳ ಕಲ್ಲುಗಳನ್ನು ತಂದು ದೇವಾಲಯದ ಸುತ್ತ ಹಾಸಿದರು. ಅಸ್ಥಿಗಳು ಅಲ್ಲಿಯೇ ಉಳಿದುವು; ಹೆಸರುಗಳು ಮಾತ್ರ ಇಲ್ಲಿಗೆ ಬಂದುವು.

ಅಲ್ಲಿಗೂ ಆ ಕಲ್ಲುಗಳಿಗೆ ನೆಮ್ಮದಿ ದೊರೆಯಲಿಲ್ಲ. 1780ರಲ್ಲಿ ನಮ್ಮ ಮೈಸೂರಿನ ಹೈದರಾಲಿಯು ಕರ್ನಾಟಕವೆಂದು ಆಗ ಕರೆಯಲ್ಪಡುತ್ತಿದ್ದ ಆರ್ಕಾಟಿನ ಸೀಮೆಯನ್ನು ಹೊಕ್ಕನು. ಪೊಳ್ಳಿಲೂರಿನಲ್ಲಿ ಇಂಗ್ಲಿಷ್ ದಂಡು ನಾಶವಾಯಿತು. ಆ ಯುದ್ಧದ ಭೀತಿಯಲ್ಲಿ, 1782ರಲ್ಲಿ, ಫಿರಂಗಿಗಳನ್ನು ನಿಲ್ಲಿಸುವುದಕ್ಕೆಂದು ಹಲವು ಕಲ್ಲುಗಳನ್ನು ಕಿತ್ತೊಯ್ದರು. ಅನಂತರ ಅವುಗಳನ್ನು ಮರಳಿ ಹಾಸಿದರಾದರೂ ಕೆಲವು ಒಡೆದಿದ್ದುವು. ಶ್ರೀರಂಗಪಟ್ಟಣದ ದೊರೆಯ ಹೆದರಿಕೆಯು ಹೀಗೆ ದೂರದ ದೇವಾಲಯವೊಂದರ ಅಂಗಳದಲ್ಲಿಯೂ ತನ್ನ ಗುರುತನ್ನು ಬಿಟ್ಟಿದೆ.

ಇಲ್ಲಿ ಚರಿತ್ರೆಗಾರನು ಗಮನಿಸಬೇಕಾದ ಅಂಶವೊಂದುಂಟು. ಈ ದೇವಾಲಯದ ಜನನ, ವಿವಾಹ, ಮರಣಗಳ ದಾಖಲೆಯು 1680ರಿಂದ ಮೊದಲಾಗುತ್ತದೆ. ಎಲಿಹು ಯೇಲನ ಮದುವೆ ಆ ವರ್ಷದ್ದು, ರಾಬರ್ಟ್ ಕ್ಲೈವನದು 1753ರದು. ಅದಕ್ಕಿಂತ ಹಿಂದೆ ತೀರಿಕೊಂಡವರಿಗೆ ಇಂತಹ ದಾಖಲೆಯ ಆಸರೆಯಿಲ್ಲ. ಅವರ ಪಾಲಿಗೆ ಕಲ್ಲಿನ ಬರೆಹವೇ ಸಾಕ್ಷಿ. ಅಂತಹ ಕಲ್ಲೊಂದು ಒಡೆದರೆ ಒಂದು ಬಾಳಿನ ಗುರುತೇ ಅಳಿಯಬಹುದು. ಆದರೂ ಆ ಸಾಕ್ಷಿಯನ್ನು ಅಳತೆಯರಿತು ನಂಬಬೇಕು: ಕಲ್ಲು ಹೇಳುವ ಹೆಸರು, ವರ್ಷಗಳು ಗ್ರಾಹ್ಯ, ಕಲ್ಲು ಇರುವ ಎಡೆ ಗ್ರಾಹ್ಯವಲ್ಲ. ಕೆರೆಯ ಏರಿಯಲ್ಲಿಯೋ ಮನೆಯ ಮೆಟ್ಟಲಿನಲ್ಲಿಯೋ ಸಿಕ್ಕಿದ ವೀರಗಲ್ಲನ್ನು ಓದುವ ನಮ್ಮವರಿಗೂ ಈ ಎಚ್ಚರವು ಅವಶ್ಯಕ. ಬರೆಹವನ್ನು ಓದುವುದಕ್ಕೆ ಮೊದಲು, ಕಲ್ಲು ಅಲ್ಲಿಗೆ ಹೇಗೆ ಬಂದಿತೆಂಬುದನ್ನು ವಿಚಾರಿಸತಕ್ಕದ್ದು.